ಸೈಬರ್ ಕಿರುಕುಳ ಮತ್ತು ಯುವಜನರ ಸ್ವಪ್ರಜ್ಞೆ: ಸಂಶೋಧನೆಯ ನಡೆ ಹಾಗೂ ಹಾವೇರಿ ಸೀಮೆಯ ಜಾನಪದ

ನಾಲ್ಕು ಜನರ ನಡುವೆ ಒಬ್ಬರನ್ನು ಗೇಲಿಗೆ ಗುರಿಮಾಡುವುದು ಮಾನವ ಸಮಾಜದಷ್ಟೇ ಹಳೆಯದಾದ ವರ್ತನೆ. ಈ ವರ್ತನೆಯು ಕಂಪ್ಯೂಟರ್ ಹಾಗೂ ಮೊಬೈಲ್ ಫೋನುಗಳ ಮೂಲಕ ನಡೆಯತೊಡಗಿದಾಗ ಅದಕ್ಕೆ 'ಸೈಬರ್ ಕಿರುಕುಳ'ವೆಂಬ ಹೊಸ ಹೆಸರು ದೊರೆಯಿತು. ಹೆಸರಿನೊಂದಿಗೆ ಒಂದು ಸಂಶೋಧನಾ ಕ್ಷೇತ್ರವೂ ರೂಪುಗೊಂಡಿತು. ಕಳೆದ ಸುಮಾರು ಕಾಲು ಶತಮಾನದಲ್ಲಿ ಮನೋವಿಜ್ಞಾನ, ಶಿಕ್ಷಣ ಹಾಗೂ ಅಪರಾಧಶಾಸ್ತ್ರಗಳ ವಿದ್ವಾಂಸರು ಈ ಕ್ಷೇತ್ರದಲ್ಲಿ ವಿಪುಲವಾಗಿ ದುಡಿದಿದ್ದಾರೆ. ಜಾನಪದ ವಿದ್ವಾಂಸರು ಮಾತ್ರ ಇದನ್ನು ತಮ್ಮ ವ್ಯಾಪ್ತಿಗೆ ಸೇರದ ವಿಷಯವೆಂದು ಬಹುಮಟ್ಟಿಗೆ ಬದಿಗಿರಿಸಿದ್ದಾರೆ. ಈ ಸಂಶೋಧನೆಯ ಚಾರಿತ್ರಿಕ ನಡೆಯನ್ನು ಗುರುತಿಸಿ, ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು ಒಳಗೊಂಡಂತೆ ಹಾವೇರಿ ಸೀಮೆಯ ಗೇಲಿಯ ಸಂಪ್ರದಾಯಗಳ ಬೆಳಕಿನಲ್ಲಿ ಅದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಪರಿಕಲ್ಪನೆಯ ಹುಟ್ಟು

ಶಾಲಾ ಮಕ್ಕಳ ನಡುವಣ ಕಿರುಕುಳದ ವ್ಯವಸ್ಥಿತ ಅಧ್ಯಯನ ಆರಂಭವಾದದ್ದು ಸ್ಕ್ಯಾಂಡಿನೇವಿಯಾದಲ್ಲಿ. ಸ್ವೀಡನ್ನಿನ ವೈದ್ಯ ಪೀಟರ್ ಪಾಲ್ ಹೈನೆಮನ್ ೧೯೬೯ರಲ್ಲಿ 'ಮಾಬಿಂಗ್' ಎಂಬ ಪದವನ್ನು ಬಳಕೆಗೆ ತಂದರು. ಪ್ರಾಣಿವರ್ತನೆಯ ಅಧ್ಯಯನದಿಂದ ಎರವಲು ಪಡೆದ ಈ ಪದವು ಗುಂಪೊಂದು ಒಬ್ಬನ ಮೇಲೆ ಎರಗುವುದನ್ನು ಸೂಚಿಸುತ್ತಿತ್ತು. ನಂತರ ನಾರ್ವೆಯಲ್ಲಿ ನೆಲೆಸಿದ್ದ ಡಾನ್ ಓಲ್ವೇಯಸ್ ೧೯೭೦ರ ದಶಕದಲ್ಲಿ ಈ ಪರಿಕಲ್ಪನೆಯನ್ನು ಬದಲಿಸಿದರು. ಅವರ ಗಮನ ಗುಂಪಿನಿಂದ ಪೀಡಕ ಹಾಗೂ ಪೀಡಿತ ವ್ಯಕ್ತಿಗಳ ಕಡೆಗೆ ಹೊರಳಿತು. ನೋಯಿಸುವ ಉದ್ದೇಶ, ಪುನರಾವರ್ತನೆ ಮತ್ತು ಬಲದ ಅಸಮತೋಲನ ಎಂಬ ಮೂರು ಲಕ್ಷಣಗಳು ಅವರ ಅಧ್ಯಯನಗಳಿಂದ ಪ್ರಚಲಿತಗೊಂಡವು. ೧೯೮೨ರಲ್ಲಿ ನಾರ್ವೆಯ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡ ಬಳಿಕ, ೧೯೮೩ರಲ್ಲಿ ಅಲ್ಲಿನ ಸರ್ಕಾರವು ಶಾಲಾ ಕಿರುಕುಳದ ವಿರುದ್ಧ ರಾಷ್ಟ್ರವ್ಯಾಪಿ ಆಂದೋಲನವನ್ನು ಕೈಗೊಂಡಿತು.

ಗುಂಪಿನ ಪಾತ್ರವನ್ನು ಮತ್ತೆ ಮುನ್ನೆಲೆಗೆ ತಂದವರು ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲ್ಲಿ ಮತ್ತು ಅವರ ಸಂಗಡಿಗರು. ೧೯೯೬ರಲ್ಲಿ ಪ್ರಕಟವಾದ ಅವರ ಅಧ್ಯಯನವು ಪೀಡಕ ಮತ್ತು ಪೀಡಿತರ ಜೊತೆಗೆ ಸಹಾಯಕ, ನಕ್ಕು ಹುರಿದುಂಬಿಸುವವ, ರಕ್ಷಕ ಹಾಗೂ ದೂರ ಉಳಿಯುವವ ಎಂಬ ಪಾತ್ರಗಳನ್ನು ಗುರುತಿಸಿತು. ಕಿರುಕುಳಕ್ಕೆ ಒಂದು ಪ್ರೇಕ್ಷಕವರ್ಗವಿರುತ್ತದೆ, ಆ ವರ್ಗದ ನಗೆಯೇ ಕಿರುಕುಳವನ್ನು ಪೋಷಿಸುತ್ತದೆ ಎಂಬ ತಿಳಿವಳಿಕೆ ಇದರಿಂದ ಸ್ಪಷ್ಟವಾಯಿತು. ಬಯಲಾಟದ ಪ್ರೇಕ್ಷಕರನ್ನು ಪ್ರದರ್ಶನದ ಭಾಗವೆಂದೇ ಪರಿಗಣಿಸುವ ಜಾನಪದ ವಿದ್ವಾಂಸರಿಗೆ ಈ ತಿಳಿವಳಿಕೆ ಅಪರಿಚಿತವಲ್ಲ.

ಎಣಿಕೆಯ ಘಟ್ಟ

ಅಂತರ್ಜಾಲದಲ್ಲಿ ನಡೆಯುವ ಕಿರುಕುಳದ ಅಧ್ಯಯನ ಮೊದಲಿಗೆ ಎಣಿಕೆಯ ರೂಪದಲ್ಲಿ ಪ್ರಾರಂಭವಾಯಿತು. ಅಮೆರಿಕದಲ್ಲಿ ಡೇವಿಡ್ ಫಿಂಕೆಲ್‌ಹೋರ್ ಮತ್ತು ಸಹೋದ್ಯೋಗಿಗಳು ೨೦೦೦ದಲ್ಲಿ ಪ್ರಕಟಿಸಿದ ವರದಿಯು ೧೦ರಿಂದ ೧೭ ವರ್ಷ ವಯಸ್ಸಿನ ೧,೫೦೧ ಮಂದಿಯ ಸಮೀಕ್ಷೆಯನ್ನು ಆಧರಿಸಿತ್ತು. ಅವರಲ್ಲಿ ಶೇಕಡಾ ೬ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಅಂತರ್ಜಾಲದಲ್ಲಿ ಕಿರುಕುಳ ಅನುಭವಿಸಿದ್ದುದಾಗಿ ತಿಳಿಸಿದ್ದರು. ೨೦೦೬ರಲ್ಲಿ ಜಸ್ಟಿನ್ ಪ್ಯಾಚಿನ್ ಮತ್ತು ಸಮೀರ್ ಹಿಂದೂಜಾ, ೨೦೦೮ರಲ್ಲಿ ಇಂಗ್ಲೆಂಡಿನ ಪೀಟರ್ ಸ್ಮಿತ್ ಮತ್ತು ಸಂಗಡಿಗರು ಪ್ರಕಟಿಸಿದ ಬರಹಗಳು ಓಲ್ವೇಯಸ್ ಅವರ ಲಕ್ಷಣಗಳನ್ನು ವಿದ್ಯುನ್ಮಾನ ಮಾಧ್ಯಮಕ್ಕೆ ವಿಸ್ತರಿಸಿದವು. ೨೦೧೦ರಲ್ಲಿ ರಾಬರ್ಟ್ ಟೊಕುನಾಗಾ ಅಂದಿನವರೆಗಿನ ಅಧ್ಯಯನಗಳನ್ನು ವಿಮರ್ಶಿಸಿ, ಸುಮಾರು ಶೇಕಡಾ ೨೦ರಿಂದ ೪೦ರಷ್ಟು ಯುವಜನರು ಇದನ್ನು ಅನುಭವಿಸುತ್ತಾರೆಂದು ಅಂದಾಜಿಸಿದರು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೨ರಲ್ಲಿ ೨೫ ದೇಶಗಳಲ್ಲಿ ೮ರಿಂದ ೧೭ ವರ್ಷದ ಮಕ್ಕಳ ಸಮೀಕ್ಷೆ ನಡೆಸಿದಾಗ ಭಾರತದ ಮಕ್ಕಳಲ್ಲಿ ಶೇಕಡಾ ೫೩ರಷ್ಟು ಮಂದಿ ಇಂತಹ ಅನುಭವವನ್ನು ಹೇಳಿಕೊಂಡರು. ಚೀನಾ ಮತ್ತು ಸಿಂಗಪುರಗಳ ನಂತರ ಭಾರತ ಮೂರನೆಯ ಸ್ಥಾನದಲ್ಲಿತ್ತು.

ಶೇಕಡಾ ೬ರಿಂದ ೫೩ರವರೆಗಿನ ಈ ಅಂತರಕ್ಕೆ ಕಾಲ, ದೇಶಗಳ ಭೇದವಷ್ಟೇ ಕಾರಣವಲ್ಲ. ವ್ಯಾಖ್ಯೆಯ ಭೇದವೂ ಕಾರಣ. ಕೆಲವು ಸಮೀಕ್ಷೆಗಳು ಬೆದರಿಕೆ ಹಾಗೂ ಉದ್ದೇಶಪೂರ್ವಕ ಅವಮಾನವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಬೇರೆ ಕೆಲವು ಚೇಷ್ಟೆ, ಅಡ್ಡಹೆಸರು, ಅಸ್ನೇಹದ ನಡವಳಿಕೆಗಳನ್ನೂ ಸೇರಿಸಿಕೊಂಡವು. ಗೇಲಿ ಎಲ್ಲಿ ಮುಗಿಯುತ್ತದೆ, ಪೀಡನೆ ಎಲ್ಲಿ ತೊಡಗುತ್ತದೆ ಎಂಬ ಪ್ರಶ್ನೆಗೆ ಸರ್ವಸಮ್ಮತವಾದ ಉತ್ತರವಿಲ್ಲದೆ ಎಣಿಕೆ ನಡೆಯಿತು.

ಇದೇ ತೊಡಕು ಕಾನೂನಿನ ಕ್ಷೇತ್ರದಲ್ಲಿಯೂ ಕಂಡುಬಂದಿತು. ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ೨೦೦೦ದ ಅಕ್ಟೋಬರ್ ೧೭ರಂದು ಜಾರಿಗೆ ಬಂದಿತು. ಮರುವರ್ಷವೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾಯಿತು. ೨೦೦೮ರ ತಿದ್ದುಪಡಿಯ ಮೂಲಕ ಸೇರಿದ ೬೬ಎ ಕಲಮು ತೀವ್ರ ಆಕ್ಷೇಪಾರ್ಹವಾದ ಅಥವಾ ಕಿರಿಕಿರಿ ಉಂಟುಮಾಡುವ ಸಂದೇಶಗಳನ್ನು ಅಪರಾಧವೆಂದು ಪರಿಗಣಿಸಿತು. ಈ ಪದಗಳು ಅಸ್ಪಷ್ಟವಾಗಿದ್ದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತವೆಂದು ಸರ್ವೋಚ್ಚ ನ್ಯಾಯಾಲಯವು ೨೦೧೫ರ ಮಾರ್ಚ್ ೨೪ರಂದು ಆ ಕಲಮನ್ನು ರದ್ದುಪಡಿಸಿತು. ಖಾಸಗಿತನದ ಉಲ್ಲಂಘನೆ, ವಿದ್ಯುನ್ಮಾನ ಮಾಧ್ಯಮದಲ್ಲಿ ಮಹಿಳೆಯರ ಬೆನ್ನುಬೀಳುವುದು, ಮಕ್ಕಳ ಲೈಂಗಿಕ ಶೋಷಣೆ ಮುಂತಾದವುಗಳಿಗೆ ಪ್ರತ್ಯೇಕ ಕಲಮುಗಳಿವೆ. ಆದರೆ ಸೈಬರ್ ಕಿರುಕುಳವನ್ನು ಅದೇ ಹೆಸರಿನಿಂದ ವ್ಯಾಖ್ಯಾನಿಸುವ ಕಲಮು ಈ ಅಧಿನಿಯಮದಲ್ಲಾಗಲಿ, ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಾಗಲಿ ಇಲ್ಲ.

ಸ್ವಪ್ರಜ್ಞೆಯ ಅಳತೆ

ಎರಡನೆಯ ಘಟ್ಟದ ಸಂಶೋಧನೆಯು ಕಿರುಕುಳದ ಪರಿಣಾಮವನ್ನು, ವಿಶೇಷವಾಗಿ ಹದಿಹರೆಯದವರ ಸ್ವಪ್ರಜ್ಞೆಯ ಮೇಲಾಗುವ ಪರಿಣಾಮವನ್ನು ಅಳೆಯಲು ತೊಡಗಿತು. ಇದಕ್ಕೆ ಬೇಕಾದ ತಾತ್ವಿಕ ನೆಲೆ ಮೊದಲೇ ಸಿದ್ಧವಾಗಿತ್ತು. ಇತರರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆಂಬ ಊಹೆಯಿಂದಲೇ ವ್ಯಕ್ತಿಯ 'ನಾನು' ರೂಪುಗೊಳ್ಳುತ್ತದೆಂದು ಚಾರ್ಲ್ಸ್ ಕೂಲಿ ೧೯೦೨ರಲ್ಲಿಯೇ ಪ್ರತಿಪಾದಿಸಿದ್ದರು. ಎರಿಕ್ ಎರಿಕ್‌ಸನ್ ಹದಿಹರೆಯವನ್ನು ಅಸ್ಮಿತೆಯ ಬಿಕ್ಕಟ್ಟಿನ ಕಾಲವೆಂದು ವಿವರಿಸಿದ್ದರು. ಮೋರಿಸ್ ರೋಸೆನ್‌ಬರ್ಗ್ ೧೯೬೫ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಆತ್ಮಗೌರವ ಮಾಪನವು ಜಗತ್ತಿನಾದ್ಯಂತ ಬಳಕೆಯಲ್ಲಿತ್ತು.

ನೆದರ್‌ಲೆಂಡ್ಸ್‌ನಲ್ಲಿ ಪ್ಯಾಟಿ ವಾಲ್ಕೆನ್‌ಬರ್ಗ್ ಮತ್ತು ಸಹೋದ್ಯೋಗಿಗಳು ೨೦೦೬ರಲ್ಲಿ ೮೮೧ ಮಂದಿ ಕಿರಿಯರನ್ನು ಅಧ್ಯಯನ ಮಾಡಿ, ಅಂತರ್ಜಾಲದ ಗೆಳೆಯರಿಂದ ಬರುವ ಮೆಚ್ಚುಗೆ ಆತ್ಮಗೌರವವನ್ನು ಹೆಚ್ಚಿಸುತ್ತದೆ, ತೆಗಳಿಕೆ ಕುಗ್ಗಿಸುತ್ತದೆ ಎಂದು ತೋರಿಸಿದರು. ೨೦೧೦ರಲ್ಲಿ ಪ್ಯಾಚಿನ್ ಮತ್ತು ಹಿಂದೂಜಾ ಪೀಡಿತರಲ್ಲಿ ಮಾತ್ರವಲ್ಲದೆ ಪೀಡಕರಲ್ಲಿಯೂ ಆತ್ಮಗೌರವ ಕಡಿಮೆಯಿರುವುದನ್ನು ಕಂಡುಕೊಂಡರು. ೨೦೧೪ರಲ್ಲಿ ರಾಬಿನ್ ಕೊವಾಲ್‌ಸ್ಕಿ ಮತ್ತು ಸಂಗಡಿಗರು ೧೩೧ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಆದರೆ ಕಾರಣ ಯಾವುದು, ಕಾರ್ಯ ಯಾವುದು ಎಂಬುದು ಒಂದೇ ಬಾರಿಯ ಸಮೀಕ್ಷೆಯಿಂದ ತಿಳಿಯದು. ಒಂದೇ ಮಕ್ಕಳನ್ನು ಕಾಲಾಂತರದಲ್ಲಿ ಹಿಂಬಾಲಿಸಿದ ಅಧ್ಯಯನಗಳನ್ನು ೨೦೧೮ರಲ್ಲಿ ಮಿಚ್ ವಾನ್ ಗೀಲ್ ಮತ್ತು ಸಹೋದ್ಯೋಗಿಗಳು ಪರಿಶೀಲಿಸಿದಾಗ ಸಂಬಂಧವು ಎರಡೂ ದಿಕ್ಕಿನದೆಂದು ಕಂಡುಬಂದಿತು. ಓರಗೆಯವರ ಪೀಡನೆಯಿಂದ ಆತ್ಮಗೌರವ ಕುಗ್ಗುತ್ತದೆ. ಆತ್ಮಗೌರವ ಕುಗ್ಗಿದವರು ಮತ್ತೆ ಪೀಡನೆಗೆ ಸುಲಭವಾಗಿ ಈಡಾಗುತ್ತಾರೆ.

ಮೂರನೆಯ ಘಟ್ಟ ಮರುಪರಿಶೀಲನೆಯದು. ಸ್ವತಃ ಓಲ್ವೇಯಸ್ ೨೦೧೨ರಲ್ಲಿ, ಸೈಬರ್ ಕಿರುಕುಳದ ವ್ಯಾಪ್ತಿಯನ್ನು ಅತಿಯಾಗಿ ಅಂದಾಜಿಸಲಾಗಿದೆಯೆಂದೂ ಅದಕ್ಕೆ ಈಡಾಗುವವರಲ್ಲಿ ಬಹುಪಾಲು ಮಕ್ಕಳು ಶಾಲೆಯಲ್ಲಿ ಮುಖಾಮುಖಿಯಾಗಿಯೂ ಪೀಡಿತರಾಗಿರುತ್ತಾರೆಂದೂ ವಾದಿಸಿದರು. ಆಂಡ್ರ್ಯೂ ಶಿಬಿಲ್‌ಸ್ಕಿ ಮತ್ತು ಲೂಸಿ ಬೋವ್ಸ್ ೨೦೧೭ರಲ್ಲಿ ಇಂಗ್ಲೆಂಡಿನ ೧೫ ವರ್ಷದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿಯನ್ನು ಪರಿಶೀಲಿಸಿದಾಗ, ಕೇವಲ ಅಂತರ್ಜಾಲದಲ್ಲಿ ಮಾತ್ರ ಕಿರುಕುಳ ಅನುಭವಿಸಿದವರು ಶೇಕಡಾ ೧ಕ್ಕಿಂತ ಕಡಿಮೆಯಿದ್ದರು. ಅಂದರೆ ಫೋನಿನಲ್ಲಿ ಕಾಣಿಸಿಕೊಳ್ಳುವ ಕಿರುಕುಳದ ಬೇರು ಬಹುಮಟ್ಟಿಗೆ ತರಗತಿ, ಓಣಿ ಹಾಗೂ ಆಟದ ಬಯಲಿನ ಸಂಬಂಧಗಳಲ್ಲಿಯೇ ಇದೆ. ಹೀಗೆ ಸಂಶೋಧನೆಯು ಉಪಕರಣದಿಂದ ಹೊರಟು ಮತ್ತೆ ಊರಿಗೇ ಬಂದು ನಿಂತಿದೆ. ಈ ನೆಲೆಯಲ್ಲಿ ಜಾನಪದ ಅಧ್ಯಯನದ ಪ್ರವೇಶ ಅನಿವಾರ್ಯವಾಗುತ್ತದೆ.

ಹಾವೇರಿ ಸೀಮೆಯಲ್ಲಿ ಗೇಲಿಯ ಕಟ್ಟಳೆ

ಚಿಕ್ಕೇರೂರಿನಂತಹ ಊರುಗಳನ್ನೊಳಗೊಂಡ ಹಾವೇರಿ ಸೀಮೆಯ ಜನಜೀವನದಲ್ಲಿ ಗೇಲಿಗೆ ವಿಶಿಷ್ಟ ಸ್ಥಾನವಿದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಹಾಡಿನಲ್ಲಿ ಹೀಯಾಳಿಸುವ ಬೀಗರ ಹಾಡುಗಳು, ಗೀಗೀ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಪಕ್ಷಗಳು ನಡೆಸುವ ಸವಾಲ್ ಜವಾಬ್, ಹೋಳಿಯ ದಿನಗಳ ಹಲಗೆಯ ಬಡಿತ ಹಾಗೂ ಬೊಬ್ಬೆ ಇವೆಲ್ಲ ಸಮಾಜವೇ ಅನುಮತಿಸಿದ ನಿಂದೆಯ ರೂಪಗಳು. ಮಾನವಶಾಸ್ತ್ರಜ್ಞ ರಾಡ್‌ಕ್ಲಿಫ್ ಬ್ರೌನ್ ೧೯೪೦ರಲ್ಲಿ ವಿವರಿಸಿದ 'ಹಾಸ್ಯ ಸಂಬಂಧ'ದ ತತ್ವ ಇಲ್ಲಿಗೆ ಅನ್ವಯಿಸುತ್ತದೆ. ಇಂತಹ ಸಂಬಂಧದಲ್ಲಿ ಒಬ್ಬರು ಮತ್ತೊಬ್ಬರನ್ನು ಗೇಲಿಮಾಡಲು ಅವಕಾಶವಿರುತ್ತದೆ. ಗೇಲಿಗೊಳಗಾದವರು ಅದಕ್ಕೆ ಸಿಟ್ಟಾಗಬಾರದು.

ಇದರ ಸ್ಪಷ್ಟ ನಿದರ್ಶನವಾಗಿ ರಾಣೇಬೆನ್ನೂರಿನ ಹೋಳಿಯನ್ನು ಗಮನಿಸಬಹುದು. ಅಲ್ಲಿ ಇಬ್ಬರು ರತಿ ಮತ್ತು ಮನ್ಮಥರ ವೇಷ ಧರಿಸಿ ಜನಸಮೂಹದ ಮುಂದೆ ನಗದೆ ಕುಳಿತುಕೊಳ್ಳುತ್ತಾರೆ. ನೆರೆದವರು ಮಾತು, ಚೇಷ್ಟೆ, ಅಣಕಗಳಿಂದ ಅವರನ್ನು ನಗಿಸಲು ಯತ್ನಿಸುತ್ತಾರೆ. ಒಬ್ಬರನ್ನು ಊರೇ ಸೇರಿ ಅಣಕಿಸುವ ಈ ಆಟವು ಹೊರನೋಟಕ್ಕೆ ಕಿರುಕುಳದ ಎಲ್ಲ ಲಕ್ಷಣಗಳನ್ನೂ ಹೋಲುತ್ತದೆ. ಆದರೆ ಇದು ಯಾರಿಗೂ ಕಿರುಕುಳವಾಗಿ ತೋರುವುದಿಲ್ಲ. ಕಾರಣಗಳು ಮೂರು. ಮೊದಲನೆಯದಾಗಿ, ಅಲ್ಲಿ ಕುಳಿತವರು ತಾವಾಗಿಯೇ ಒಪ್ಪಿ ಕುಳಿತವರು. ಗೇಲಿ ವೇಷಕ್ಕೆ ತಗಲುತ್ತದೆಯೇ ಹೊರತು ವ್ಯಕ್ತಿಗೆ ತಗಲುವುದಿಲ್ಲ. ಎರಡನೆಯದಾಗಿ, ಗೇಲಿಗೆ ಕಾಲದ ಎಲ್ಲೆಯಿದೆ. ಹಬ್ಬ ಮುಗಿದೊಡನೆ ಅದೂ ಮುಗಿಯುತ್ತದೆ. ಮೂರನೆಯದಾಗಿ, ಗೇಲಿಗೆ ಒಳಗಾದವರಿಗೆ ಗೆಲ್ಲುವ ದಾರಿಯಿದೆ. ನಗದೆ ಉಳಿದವರು ಜನರ ಮೆಚ್ಚುಗೆಗೆ ಪಾತ್ರರಾಗುತ್ತಾರೆ. ಬೀಗರ ಹಾಡಿನಲ್ಲಿ ಎದುರುಹಾಡು, ಸವಾಲಿಗೆ ಜವಾಬು ಇರುವುದೂ ಇದೇ ತತ್ವದ ಅನ್ವಯ.

ಮೊಬೈಲ್ ಫೋನಿನ ಗೇಲಿಯಲ್ಲಿ ಒಪ್ಪಿಗೆ, ಅವಧಿ, ಮಾರುತ್ತರ ಎಂಬ ಈ ಮೂರು ಕಟ್ಟಳೆಗಳೂ ಸಡಿಲಗೊಳ್ಳುತ್ತವೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆ ಆಡಿದ ಮಾತನ್ನು ಹಿಂಪಡೆಯಲಾಗದೆಂದು ಎಚ್ಚರಿಸುತ್ತದೆ. ಆದರೆ ಬಾಯಿಮಾತು ಕಾಲಕ್ರಮದಲ್ಲಿ ಮರೆಯುವುದೂ ಉಂಟು. ಚಿತ್ರವಾಗಿ, ವೀಡಿಯೊವಾಗಿ ಹರಡಿದ ಅವಮಾನವನ್ನು ಹಿಂಪಡೆಯಲೂ ಆಗದು, ಮರೆಯಲೂ ಆಗದು. ರಾಬರ್ಟ್ ಸ್ಲೊನ್ಯೆ ಮತ್ತು ಪೀಟರ್ ಸ್ಮಿತ್ ಅವರು ಸ್ವೀಡನ್ನಿನ ವಿದ್ಯಾರ್ಥಿಗಳ ನಡುವೆ ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿತ್ರ ಮತ್ತು ವೀಡಿಯೊಗಳ ಮೂಲಕ ನಡೆಯುವ ಕಿರುಕುಳವೇ ಅತ್ಯಂತ ಘೋರವೆಂದು ವಿದ್ಯಾರ್ಥಿಗಳು ಭಾವಿಸಿದ್ದುದು ಇದಕ್ಕೆ ಪೂರಕವಾಗಿದೆ.

ಅಡ್ಡಹೆಸರಿನ ವಿಷಯದಲ್ಲಿಯೂ ಇದೇ ವ್ಯತ್ಯಾಸವನ್ನು ಕಾಣಬಹುದು. ಧಾರವಾಡ ಹಾವೇರಿ ಭಾಗದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಮುಂತಾದ ಮನೆತನದ ಹೆಸರುಗಳು ಪ್ರಚಲಿತವಾಗಿವೆ. ಯಾರೋ ಇಟ್ಟ ಹೆಸರನ್ನು ಮನೆತನವು ತನ್ನದಾಗಿಸಿಕೊಂಡು ತಲೆಮಾರುಗಳ ಕಾಲ ಗೌರವದಿಂದ ಹೊರುವ ಪ್ರಕ್ರಿಯೆ ಇಲ್ಲಿದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಟ್ಟಿದ ಹೆಸರನ್ನು ಹೀಗೆ ತನ್ನದಾಗಿಸಿಕೊಳ್ಳಲು ವ್ಯಕ್ತಿಗೆ ಕಾಲಾವಕಾಶವೇ ದೊರೆಯುವುದಿಲ್ಲ. ಆ ಹೆಸರು ಊರಿನ ಎಲ್ಲೆಯನ್ನು ದಾಟಿ, ಆ ವ್ಯಕ್ತಿಯ ಬೇರಾವ ಗುಣವನ್ನೂ ಅರಿಯದವರನ್ನು ತಲುಪುತ್ತದೆ.

ಆದರೆ ಸಾಂಪ್ರದಾಯಿಕ ಗೇಲಿಯೆಲ್ಲವೂ ನಿರಪಾಯಕಾರಿಯಾಗಿತ್ತೆಂದು ಭಾವಿಸುವುದು ತಪ್ಪಾದೀತು. ಜಾತಿಯನ್ನು ಹೀನಾಯಗೊಳಿಸುವ ಗಾದೆಗಳು, ಅಂಗವಿಕಲರನ್ನು ಕುರಿತ ಅಡ್ಡಹೆಸರುಗಳು, ವಿಧವೆಯರನ್ನು ಕುರಿತ ಬೈಗುಳಗಳು ನಮ್ಮ ಜಾನಪದ ಸಂಗ್ರಹಗಳಲ್ಲಿ ಸಾಕಷ್ಟಿವೆ. ಇವಕ್ಕೆ ಒಪ್ಪಿಗೆಯೂ ಇರಲಿಲ್ಲ, ಮಾರುತ್ತರದ ಅವಕಾಶವೂ ಇರಲಿಲ್ಲ. ಜಾನಪದ ಸಂಗ್ರಾಹಕರು ಇವುಗಳನ್ನು ಅನೇಕ ವೇಳೆ ಗ್ರಾಮೀಣ ಹಾಸ್ಯವೆಂದೇ ದಾಖಲಿಸಿದರು. ನಕ್ಕವರ ದನಿ ದಾಖಲಾಯಿತು. ಗೇಲಿಗೆ ಒಳಗಾದವರನ್ನು ಕೇಳಿದ ದಾಖಲೆಗಳು ವಿರಳ. ಹೊಸ ಮಾಧ್ಯಮದ ಕಿರುಕುಳವನ್ನು ಅಧ್ಯಯನ ಮಾಡುವವರು ಈ ಕೊರತೆಯನ್ನು ಮುಂದುವರಿಸಬಾರದು.

ಹೂವಿನ ಗಿಡವಾದ ಹುಡುಗಿ

ಪೀಡಿತರ ಅನುಭವವನ್ನು ಒಳಗಿನಿಂದ ಹೇಳುವ ಜನಪದ ಕಥೆಯೊಂದು ಕನ್ನಡದಲ್ಲಿದೆ. ಎ.ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ, ಅವರ ನಿಧನಾನಂತರ ೧೯೯೭ರಲ್ಲಿ ಪ್ರಕಟವಾದ ಸಂಕಲನಕ್ಕೆ ಶೀರ್ಷಿಕೆಯನ್ನೂ ಒದಗಿಸಿದ ಕಥೆ ಅದು. ಗಿರೀಶ ಕಾರ್ನಾಡರ ೧೯೯೨ರ 'ಚೆಲುವಿ' ಚಲನಚಿತ್ರಕ್ಕೂ ಇದೇ ಕಥೆ ಆಧಾರ. ಬಡ ಮನೆಯ ಹುಡುಗಿಯೊಬ್ಬಳು ಶ್ರದ್ಧೆಯಿಂದ ನೀರೆರೆದಾಗ ಹೂವಿನ ಗಿಡವಾಗಿ, ಮತ್ತೆ ನೀರೆರೆದಾಗ ಹುಡುಗಿಯಾಗಬಲ್ಲಳು. ರಾಜಕುಮಾರನನ್ನು ಮದುವೆಯಾದ ಬಳಿಕ ಅವಳ ಕಿರಿಯ ನಾದಿನಿಯು ಈ ಗುಟ್ಟನ್ನು ಅರಿತು, ತನ್ನ ಗೆಳತಿಯರ ಮುಂದೆ ಗಿಡವಾಗುವಂತೆ ಅವಳನ್ನು ಒತ್ತಾಯಿಸುತ್ತಾಳೆ. ಗೆಳತಿಯರು ಮನಬಂದಂತೆ ಟೊಂಗೆಗಳನ್ನು ಮುರಿದು, ಮಳೆ ಬಂದಾಗ ಬಿಟ್ಟು ಓಡಿಹೋಗುತ್ತಾರೆ. ಹುಡುಗಿ ಕೈಕಾಲುಗಳಿಲ್ಲದ ಆಕಾರವಾಗಿ ಉಳಿಯುತ್ತಾಳೆ. ಕೊನೆಗೆ ಗಂಡನು ಅವಳನ್ನು ಗುರುತಿಸಿ, ಮತ್ತೆ ಗಿಡವಾಗಿಸಿ, ಮುರಿದ ಟೊಂಗೆಗಳನ್ನು ಒಂದೊಂದಾಗಿ ಜೋಡಿಸಿದಾಗ ಅವಳು ಮೊದಲಿನ ರೂಪ ಪಡೆಯುತ್ತಾಳೆ.

ಓರಗೆಯವರ ಒತ್ತಾಯ, ಖಾಸಗಿ ಸಂಗತಿಯ ಪ್ರದರ್ಶನ, ನೋಡುಗರ ಹೊಣೆಗೇಡಿತನ ಇವೆಲ್ಲವೂ ಈ ಕಥೆಯಲ್ಲಿವೆ. ನ್ಯಾನ್ಸಿ ವಿಲ್ಲರ್ಡ್ ೨೦೦೭ರಲ್ಲಿ ಮಾಡಿದ ಸೈಬರ್ ಕಿರುಕುಳದ ವರ್ಗೀಕರಣದಲ್ಲಿ ಗುಟ್ಟನ್ನು ಬಯಲುಮಾಡುವುದು ಒಂದು ಪ್ರತ್ಯೇಕ ವರ್ಗವಾಗಿದೆ. ಗಮನಿಸಬೇಕಾದ ಅಂಶವೆಂದರೆ, ಕಥೆಯಲ್ಲಿ ಗೆಳತಿಯರಿಗೆ ದ್ವೇಷವಿದ್ದಂತೆ ಕಾಣುವುದಿಲ್ಲ. ಇರುವುದು ಕುತೂಹಲ ಮತ್ತು ಅಲಕ್ಷ್ಯ. ನೋಯಿಸುವ ಉದ್ದೇಶವನ್ನು ಕಿರುಕುಳದ ಅವಶ್ಯ ಲಕ್ಷಣವೆಂದು ಪರಿಗಣಿಸುವ ವ್ಯಾಖ್ಯೆಯು ಇಂತಹ ಹಾನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರದು. ಒಂದು ವೀಡಿಯೊವನ್ನು ಮುಂದಕ್ಕೆ ರವಾನಿಸುವ ಬಹುಮಂದಿಯಲ್ಲಿಯೂ ಇರುವುದು ಇದೇ ಅಲಕ್ಷ್ಯ. ಹುಡುಗಿ ಮರಳಿ ಹುಡುಗಿಯಾಗಲು ಅವಳೊಬ್ಬಳ ಮನೋಬಲ ಸಾಲುವುದಿಲ್ಲ, ಅವಳನ್ನು ಗುರುತಿಸುವ ಇನ್ನೊಬ್ಬರು ಬೇಕು ಎಂಬುದು ಕಥೆಯ ಮತ್ತೊಂದು ತಿಳಿವಳಿಕೆ.

ಕರ್ನಾಟಕದ ಅಧ್ಯಯನಗಳು ಮತ್ತು ಉಳಿದ ಪ್ರಶ್ನೆ

ಕರ್ನಾಟಕದಲ್ಲಿ ಯುವಜನರ ಮಾನಸಿಕ ಆರೋಗ್ಯದ ಅಧ್ಯಯನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಪ್ರಮುಖ ಕೇಂದ್ರವಾಗಿದೆ. ಅಲ್ಲಿನ ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವು, ಜೀವನ ಕೌಶಲ ಶಿಕ್ಷಣ ಪಡೆದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಆತ್ಮಗೌರವ, ಶಿಕ್ಷಕರೊಡನೆ ಹೊಂದಾಣಿಕೆ ಮುಂತಾದವು ಉತ್ತಮವಾಗಿರುವುದನ್ನು ತೋರಿಸಿತು. ಆದರೆ ಮನೆಯವರೊಡನೆ ಹಾಗೂ ಓರಗೆಯವರೊಡನೆ ಹೊಂದಾಣಿಕೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಕಿರುಕುಳ ಹುಟ್ಟುವುದು ಓರಗೆಯವರ ನಡುವೆ, ಮುಚ್ಚಿಡಲ್ಪಡುವುದು ಮನೆಯವರಿಂದ ಎಂಬುದನ್ನು ನೆನೆದರೆ ಈ ಫಲಿತಾಂಶದ ಮಹತ್ವ ಅರಿವಾಗುತ್ತದೆ. ೨೦೧೪ರಲ್ಲಿ ನಿಮ್ಹಾನ್ಸ್ ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿತು. ಮುಂದೆ ರಾಜ್ಯ ಸರ್ಕಾರದೊಡನೆ ಕೈಜೋಡಿಸಿ ಜಿಲ್ಲಾಮಟ್ಟದಲ್ಲಿ 'ಯುವ ಸ್ಪಂದನ' ಕೇಂದ್ರಗಳನ್ನು ರೂಪಿಸಿತು. ೨೦೨೨ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ಟೆಲಿ ಮಾನಸ್ ದೂರವಾಣಿ ಸೇವೆ ಪ್ರಾರಂಭವಾಯಿತು.

ಇಷ್ಟಾದರೂ ಗ್ರಾಮೀಣ ಕರ್ನಾಟಕವನ್ನು ಅರಿಯುವಲ್ಲಿ ಎರಡು ಸಮಸ್ಯೆಗಳು ಉಳಿಯುತ್ತವೆ. ಮೊದಲನೆಯದು ಮೊಬೈಲ್ ಫೋನಿನ ಒಡೆತನಕ್ಕೆ ಸಂಬಂಧಿಸಿದ್ದು. ಪಾಶ್ಚಾತ್ಯ ಅಧ್ಯಯನಗಳು ಹೆಚ್ಚಾಗಿ ಸ್ವಂತ ಉಪಕರಣವುಳ್ಳ ಹದಿಹರೆಯದವರನ್ನು ಕಲ್ಪಿಸಿಕೊಳ್ಳುತ್ತವೆ. ಗ್ರಾಮೀಣ ಭಾರತದ ೧೪ರಿಂದ ೧೮ ವರ್ಷದವರನ್ನು ಕುರಿತ ೨೦೨೩ರ 'ಅಸರ್' ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇಕಡಾ ೪೩.೭ ಮಂದಿಗೆ ಸ್ವಂತ ಫೋನಿದ್ದರೆ, ಹುಡುಗಿಯರಲ್ಲಿ ಶೇಕಡಾ ೧೯.೮ ಮಂದಿಗೆ ಮಾತ್ರ ಇತ್ತು. ಉಳಿದವರು ಬಳಸುವುದು ಅಪ್ಪನದೋ ಅಣ್ಣನದೋ ಫೋನನ್ನು. ಅವರಿಗೆ ಬಂದ ಅವಮಾನದ ಸಂದೇಶವನ್ನು ಮೊದಲು ಓದುವವರು ಮನೆಯವರೇ ಆಗಿರಬಹುದು. ಫೋನನ್ನು ಕಸಿದುಕೊಂಡಾರೆಂಬ ಭಯದಿಂದ ಮಕ್ಕಳು ಹಿರಿಯರಿಗೆ ತಿಳಿಸುವುದಿಲ್ಲವೆಂದು ಅಮೆರಿಕದ ಅಧ್ಯಯನಗಳು ಹೇಳಿವೆ. ಹಳ್ಳಿಯ ಹುಡುಗಿಯ ಪಾಲಿಗೆ ಫೋನಿನೊಂದಿಗೆ ಓದಿಗೂ ತಡೆ ಬೀಳಬಹುದೆಂಬ ಭಯ ಸೇರಿಕೊಳ್ಳುತ್ತದೆ. ಈ ಮೌನವು ಸಮೀಕ್ಷೆಯ ಪ್ರಶ್ನಾವಳಿಗೆ ಸುಲಭವಾಗಿ ದಕ್ಕುವಂಥದಲ್ಲ.

ಎರಡನೆಯದು ಸ್ವಪ್ರಜ್ಞೆಯ ಪರಿಕಲ್ಪನೆ. ರೋಸೆನ್‌ಬರ್ಗ್ ಮಾಪನವು 'ನಾನು ನನ್ನನ್ನು ಹೇಗೆ ಕಾಣುತ್ತೇನೆ' ಎಂಬುದನ್ನು ಕೇಳುತ್ತದೆ. ಕನ್ನಡದ 'ಮಾನ', 'ಮರ್ಯಾದೆ' ಎಂಬ ಪದಗಳ ವ್ಯಾಪ್ತಿ ಇದಕ್ಕಿಂತ ಭಿನ್ನ. ಮಾನ 'ಹೋಗುತ್ತದೆ', 'ಹರಾಜಾಗುತ್ತದೆ'. ಮರ್ಯಾದೆಯನ್ನು 'ಕಳೆಯುತ್ತಾರೆ', 'ಕಾಯುತ್ತಾರೆ'. ಇವು ವ್ಯಕ್ತಿಯ ಒಳಗಿರುವ ಭಾವಗಳಾಗಿರುವಂತೆಯೇ ಮನೆತನ, ಕುಲ, ಊರುಗಳ ಕೈಯಲ್ಲಿರುವ ಸೊತ್ತುಗಳೂ ಹೌದು. 'ನಾಲ್ಕು ಜನ ಏನಂದಾರು' ಎಂಬ ಮಾತಿನಲ್ಲಿರುವ ನಾಲ್ಕು ಜನರೇ ಇಲ್ಲಿ ವ್ಯಕ್ತಿಯ ಕನ್ನಡಿ. ತನ್ನ ಚಿತ್ರ ಹರಡಿದ ಹುಡುಗಿಯು ತನ್ನ ಬಗ್ಗೆ ತಾನು ಕೀಳಾಗಿ ಭಾವಿಸದೆಯೂ, ತನ್ನಿಂದ ಮನೆಯವರು ತಲೆ ತಗ್ಗಿಸುವಂತಾಯಿತೆಂದು ಕುಸಿಯಬಹುದು. ಆಗ ಆತ್ಮಗೌರವದ ಅಂಕ ಕುಗ್ಗದಿದ್ದರೂ ಬದುಕು ಕುಗ್ಗುತ್ತದೆ.

ಸಮಾರೋಪ

ಸೈಬರ್ ಕಿರುಕುಳದ ಸಂಶೋಧನೆಯು ಎಣಿಕೆಯಿಂದ ಪರಿಣಾಮಕ್ಕೆ, ಪರಿಣಾಮದಿಂದ ಸಂಬಂಧಗಳ ಪರಿಶೀಲನೆಗೆ ಸಾಗಿಬಂದಿದೆ. ಗೇಲಿ ಮತ್ತು ಪೀಡನೆಗಳ ನಡುವಣ ಗೆರೆಯನ್ನು ಕುರಿತ ಅದರ ಮೂಲ ಪ್ರಶ್ನೆಗೆ ಒಪ್ಪಿಗೆ, ಅವಧಿ, ಮಾರುತ್ತರಗಳೆಂಬ ಜನಪದ ಕಟ್ಟಳೆಗಳು ಒಂದು ಉಪಯುಕ್ತ ಅಳತೆಗೋಲನ್ನು ಒದಗಿಸಬಲ್ಲವು. ಹದಿಹರೆಯದವರು ತಮ್ಮ ನಡುವೆ ಬಳಸುವ ಗೇಲಿಯ ಪದಗಳನ್ನು, ಅವರು ಸಹಿಸುವ ಮತ್ತು ಸಹಿಸದ ಮಾತುಗಳನ್ನು ಅವರದೇ ಕನ್ನಡದಲ್ಲಿ ಸಂಗ್ರಹಿಸುವ ಕೆಲಸ ಮೊದಲು ಆಗಬೇಕು. ಆಗ ಮಾತ್ರ ನಮ್ಮ ಮಾನ ಮರ್ಯಾದೆಗಳಿಗೆ ಹೊಂದುವ ಪ್ರಶ್ನಾವಳಿಗಳು ಸಿದ್ಧವಾದಾವು. ಆ ಸಂಗ್ರಹದಲ್ಲಿ ಗೇಲಿಗೆ ಒಳಗಾದವರ ದನಿಗೆ ಮೊದಲ ಸ್ಥಾನ ದೊರೆಯಬೇಕು. ಅವರ ಹೆಸರು, ಚಿತ್ರ, ಗುರುತುಗಳು ಸಂಶೋಧನೆಯ ಮೂಲಕ ಮತ್ತೊಮ್ಮೆ ಹರಡದಂತೆ ಎಚ್ಚರ ವಹಿಸಬೇಕು. ೨೦೧೧ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಪ್ರೌಢಶಾಲೆಗಳು ಅದರ ಕ್ಷೇತ್ರಕಾರ್ಯಕ್ಕೆ ಸಮೀಪದಲ್ಲಿಯೇ ಇವೆ. ಮನೋವಿಜ್ಞಾನ ಮತ್ತು ಜಾನಪದಗಳ ವಿದ್ವಾಂಸರು ಜೊತೆಗೂಡಿ ಈ ಶಾಲೆಗಳಿಂದ ಕೆಲಸವನ್ನು ಆರಂಭಿಸಿದಲ್ಲಿ, ಮುರಿದ ಟೊಂಗೆಗಳನ್ನು ಜೋಡಿಸುವ ಬಗೆಯೂ ಕ್ರಮೇಣ ತಿಳಿದೀತು.